ಮಗಳ ಜೊತೆ ದಿನಕ್ಕೆ ಅರ್ಧ ಗಂಟೆ: ಎಂಟು ವಾರದ ಲೆಕ್ಕ

ದಸರಾ ರಜೆಯಲ್ಲಿ ಶುರು ಮಾಡಿದ್ದು. ಷರತ್ತು ಒಂದೇ. ದಿನಾ ಅರ್ಧ ಗಂಟೆ ನಾಲ್ಕು ವರ್ಷದ ಮಗಳ ಜೊತೆ ಹೊರಗಿರಬೇಕು, ಫೋನ್ ಮನೆಯಲ್ಲಿರಬೇಕು. ಎಂಟು ವಾರ ಅಂದ್ರೆ 56 ದಿನ. ಆಗಿದ್ದು 41. ಉಳಿದದ್ದನ್ನು ಮಳೆ, ನೆಗಡಿ ಮತ್ತು ನನ್ನ ಆಫೀಸ್ ಹಂಚಿಕೊಂಡವು.

ಮೊದಲ ವಾರ ಪೂರ್ತಿ ಫ್ಲಾಪ್. ಲಾಲ್‌ಬಾಗ್‌ಗೆ ಹೋಗುವಾಗ ತೋರಿಸಬೇಕಾದ ಹಕ್ಕಿ, ಮರಗಳ ಪಟ್ಟಿಯನ್ನೇ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ನಾನು ಹದ್ದು ತೋರಿಸಿದರೆ ಅವಳು ಕಡ್ಲೆಕಾಯಿ ಸಿಪ್ಪೆ ಹೆಕ್ಕುತ್ತಿದ್ದಳು. ಕೆಂಪೇಗೌಡ ಗೋಪುರದ ಬಂಡೆ ಹತ್ತಿದೆವು. ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಅಂತ ಹೇಳಿದೆ. "ಅಜ್ಜಿಗಿಂತ ಹಳೇದಾ?" ಅಂದಳು. ಉತ್ತರಕ್ಕೂ ಕಾಯದೆ ಕೂತು ಸರ್ರನೆ ಜಾರಿದಳು. ಪ್ಯಾಂಟ್ ಹರಿಯಿತು. ಆಮೇಲೆ ನಾನೂ ಜಾರಿದೆ. ಪಟ್ಟಿ ಎಲ್ಲೋ ಬಿದ್ದುಹೋಯಿತು, ಹುಡುಕಲಿಲ್ಲ.

ಮೂರನೇ ವಾರ ಮನೆ ಹತ್ತಿರದ ಪಾರ್ಕ್‌ನಲ್ಲಿ ನೀರುಕಾಯಿ ಮರ ಸಿಕ್ಕಿತು. ಆಫ್ರಿಕಾದಿಂದ ಬಂದ ಮರ, ಆದರೆ ಬೆಂಗಳೂರಲ್ಲಿ ಬೆಳೆದವರಿಗೆಲ್ಲ ಅದು ಪಿಚಕಾರಿ ಮರ ಅಲ್ವಾ? ಕೆಳಗೆ ಬಿದ್ದ ಮೊಗ್ಗಿನ ತುದಿ ಚಿವುಟಿ ಒತ್ತಿದೆ. ನೀರು ಸೀದಾ ಅವಳ ಮೂಗಿಗೆ. ಅದಾದ ಮೇಲೆ ಐದು ದಿನ ಬೇರೆ ಆಟವೇ ಇಲ್ಲ. ಅಂಗಿಗೆ ಹಳದಿ ಕಲೆ ಆಗಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು, ಬೈಸಿಕೊಂಡಿದ್ದು ನಾನು.

ಐದನೇ ವಾರ. ಮನೆ ಮುಂದಿನ ಕರಿಬೇವಿನ ಗಿಡದ ಹತ್ತಿರ ಕೂಗಿಕೊಂಡಳು: "ಅಪ್ಪಾ, ಕಕ್ಕ ನಡೀತಾ ಇದೆ!" ನಿಜ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ. ಹಕ್ಕಿಗಳು ತಿನ್ನದೆ ಬಿಡಲಿ ಅಂತ ಈ ವೇಷ. ಒಟ್ಟು ಆರು ಇದ್ದವು. ಎಲ್ಲದಕ್ಕೂ ಒಂದೇ ಹೆಸರು, ಬಜ್ಜಿ. ದೊಡ್ಡದಾದ ಮೇಲೆ ಹಸಿರಾದವು. ಹುಲ್ಲುಕಡ್ಡಿಯಿಂದ ಮುಟ್ಟಿದರೆ ತಲೆ ಹಿಂದಿನಿಂದ ಎರಡು ಕೆಂಪು ಕೊಂಬು ಹೊರಬಂದು ಘಾಟು ವಾಸನೆ. ಒಂದು ಸಲ ಸಾಕು ಅಂತ ಒಪ್ಪಂದವಾಯಿತು.

ಇನ್ನೊಂದು ಒಪ್ಪಂದ ಅಮ್ಮನ ಜೊತೆ. "ಒಗ್ಗರಣೆಗೆ ನಾನೇನು ಹಾಕಲಿ?" ಅಂತ ಜಗಳಕ್ಕೆ ನಿಂತರು. ಮೊಮ್ಮಗಳೇ ತೀರ್ಪು ಕೊಟ್ಟಳು. ಮೇಲಿನ ಕೊಂಬೆ ಅಜ್ಜಿಗೆ, ಕೆಳಗಿನದು ಬಜ್ಜಿಗೆ.

ಆರರಲ್ಲಿ ನಾಲ್ಕು ಉಳಿಯಲಿಲ್ಲ. ಒಂದನ್ನು ಕಣಜ ಎತ್ತಿಕೊಂಡು ಹೋಗಿದ್ದನ್ನು ನಾವೇ ನೋಡಿದೆವು. ಸುಳ್ಳು ಹೇಳೋಣ ಅನ್ನಿಸಿತು, ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಅದಕ್ಕೂ ಹಸಿವಾಗಿತ್ತಾ?" ಅಂದಳು. ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಉಳಿದ ಎರಡು, ಕೆಲವು ದಿನ ಆಚೀಚೆ, ನೂಲಿನ ಬೆಲ್ಟ್ ಕಟ್ಟಿಕೊಂಡು ಕಡ್ಡಿಗೆ ಒರಗಿ ಕೋಶವಾದವು. ಮೊದಲನೆಯದು ಹಿಂದಿನ ದಿನ ಕಪ್ಪಾಗಿ, ಬೆಳಿಗ್ಗೆ ಒಡೆಯಿತು. ಒದ್ದೆ ಕಾಗದದಂಥ ಮುದುಡಿದ ರೆಕ್ಕೆ ನಿಧಾನಕ್ಕೆ ಬಿಚ್ಚಿಕೊಂಡಿತು. ಕಪ್ಪು ರೆಕ್ಕೆ, ಅಡ್ಡಕ್ಕೆ ಬಿಳಿ ಚುಕ್ಕಿಗಳ ಸಾಲು. ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆದು ಹೊಡೆದು ಹೋಯಿತು.

ಎರಡನೆಯದು ಇವತ್ತು ಮಧ್ಯಾಹ್ನದಿಂದ ಕಪ್ಪಾಗುತ್ತಿದೆ. ನಾಳೆ ಒಂಬತ್ತಕ್ಕೆ ನನಗೆ ಮೀಟಿಂಗ್. ನಾಳೆ ಬರಬೇಡಿ ಅಂತ ವ್ಯಾನ್ ಡ್ರೈವರ್‌ಗೆ ಅವಳು ಆಗಲೇ ಹೇಳಿಬಿಟ್ಟಿದ್ದಾಳೆ.