ಏಪ್ರಿಲ್ 10ರೊಳಗೆ

5 ಏಪ್ರಿಲ್ 2025, ಶನಿವಾರ
ಬೈಲಹೊಂಗಲ

ಸೇನೆಯಲ್ಲಿ ನಾಲ್ಕು ವರ್ಷದ ಸೇವೆಗೆ ಸೇರುವ ಅಗ್ನಿವೀರ ಅರ್ಜಿಗೆ ಏಪ್ರಿಲ್ 10 ಕೊನೆಯ ದಿನ. ನಾನು ಹುಟ್ಟಿದ್ದು 2004ರ ನವೆಂಬರ್‌ನಲ್ಲಿ. ಇಪ್ಪತ್ತೊಂದರ ಮಿತಿ ಹೀಗೆಯೇ ಉಳಿದರೆ ಮುಂದಿನ ವರ್ಷದ ಭರ್ತಿಗೆ ವಯಸ್ಸು ಮೀರಿರುತ್ತದೆ. ಈ ಸಲವೇ ಅರ್ಜಿ ಹಾಕುತ್ತೇನೆಂದರೆ ಕಾಕಾ ಸಂತೋಷಪಡುವರೆಂದು ತಿಳಿದಿದ್ದೆ. ಬೆಳಗಾವಿಯ ಮರಾಠಾ ಸೆಂಟರ್‌ನಲ್ಲಿ (ಸೇನೆಯ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ) ತರಬೇತಿ ಪಡೆದು ಹವಾಲ್ದಾರರಾಗಿ ನಿವೃತ್ತರಾದ ಅವರೇ ಅಲ್ಲವೇ, ನಾನು ಹೈಸ್ಕೂಲಿನಲ್ಲಿದ್ದಾಗ ನಸುಕಿನಲ್ಲಿ ಎಬ್ಬಿಸಿ ಓಡಿಸುತ್ತಿದ್ದವರು! ಇಂದು ಮಾತ್ರ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಬಹಳ ಹೊತ್ತು ಸುಮ್ಮನಿದ್ದು, “ನಾಕ ವರ್ಷ ಆದ ಮ್ಯಾಲೆ ಏನ ಮಾಡ್ತಿ ಅನ್ನೂದನ್ನ ಮೊದಲ ಹೇಳು, ಓಡೂ ಮಾತು ಆಮ್ಯಾಲೆ” ಎಂದರು.

ನಾನು ಲೆಕ್ಕ ಒಪ್ಪಿಸಿದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವೆಯ ಕೊನೆಗೆ ಕೈಸೇರುವ ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೆಯ ವರ್ಷಕ್ಕೆ ಸಂಬಳ 40,000. ನಾವು ಕಟ್ಟಿದಷ್ಟನ್ನೇ ಸರ್ಕಾರವೂ ಸೇರಿಸುವುದರಿಂದ ಹೊರಬರುವಾಗ ಬಡ್ಡಿಸಮೇತ ಸುಮಾರು 11.71 ಲಕ್ಷ, ತೆರಿಗೆಯಿಲ್ಲದೆ. “ಪಿಂಚಣಿ?” ಎಂದರು. ಇಲ್ಲ. ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿ. ನಮ್ಮ ಮನೆಯ ಸ್ಲ್ಯಾಬು, ಅಕ್ಕನ ಮದುವೆ, ನನ್ನ ಬಿ.ಕಾಂ. ಶುಲ್ಕ, ಇವೆಲ್ಲವೂ ಕಾಕಾರ ಪಿಂಚಣಿಯ ಆಸರೆಯಲ್ಲಿಯೇ ನಡೆದಿರುವಾಗ, ಇಪ್ಪತ್ತೈದಕ್ಕೆ ಬರಿಗೈಯಲ್ಲದಿದ್ದರೂ ಕೆಲಸವಿಲ್ಲದೆ ಮರಳಿ ಬರುವ ಮಿಲ್ಟ್ರಿಯವನನ್ನು ಅವರು ಹೇಗೆ ಒಪ್ಪಿಯಾರು? ಆದರೂ ನನಗೆ ಸಿಟ್ಟು ಬಂದಿತು. ತಾವು ಸೇರುವಾಗ ಇಷ್ಟೆಲ್ಲ ಲೆಕ್ಕ ಹಾಕಿದ್ದರೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಅವ್ವನ ಭಯ ಬೇರೆ. ಸೇನೆಯ ಮಾತು ಬಂದಾಗಲೆಲ್ಲ ಅವಳು 2016ರಲ್ಲಿ ಸಿಯಾಚಿನ್ ಹಿಮದಡಿಯಿಂದ ಆರು ದಿನಗಳ ಬಳಿಕ ಜೀವಂತ ಸಿಕ್ಕು, ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯುತ್ತಾಳೆ. ಅವಳಿಗೆ ಕೊಡಲು ನನ್ನಲ್ಲಿ ಯಾವ ಅಂಕಿಯೂ ಇಲ್ಲ.

ಊಟವಾದ ಮೇಲೆ ಕಾಕಾ ತಾವಾಗಿಯೇ ಇನ್ನೊಂದು ಮಾತು ತೆಗೆದರು. ಈ ಸಲ ಎರಡು ವಿಭಾಗಗಳಿಗೆ ಅರ್ಜಿ ಹಾಕಬಹುದಾಗಿರುವಾಗ, ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದಿ ಒಳ್ಳೆಯ ಅಂಕ ತೆಗೆದವನು ಸಾಮಾನ್ಯ ಸೈನಿಕನ ಜನರಲ್ ಡ್ಯೂಟಿ ಒಂದನ್ನೇ ಏಕೆ ಹಿಡಿದುಕೊಂಡಿದ್ದೀಯೆ, ಕ್ಲರ್ಕ್ ಕೆಲಸ ಕಲಿತು ಬಂದರೆ ಹೊರಗೂ ಅನ್ನ ಹುಟ್ಟುತ್ತದೆ ಎಂಬುದು ಅವರ ವಾದ. ಮಾತು ಸರಿಯಾದುದೇ. ಆದರೆ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಬೇಕೆಂದು ಇಷ್ಟು ದಿನ ಬೆವರು ಸುರಿಸಿದ್ದು ಕಡತ ಹಿಡಿಯುವುದಕ್ಕಲ್ಲ. ನನಗೆ ಬೇಕಾಗಿರುವುದು ಕಾಕಾ ಹೆಗಲಿಗೇರಿಸಿದ್ದ ರೈಫಲ್ಲು. ಇದನ್ನು ಅವರೆದುರು ಹೇಳಲು ನಾಚಿಕೆಯಾಯಿತು.

ಎರಡನೆಯ ಆಯ್ಕೆಯಾಗಿ ಕ್ಲರ್ಕ್ ಎಂದು ತುಂಬಿದರೆ ಟೈಪಿಂಗ್ ಪರೀಕ್ಷೆಯೂ ಇರುತ್ತದೆ. ಟೈಪಿಂಗ್ ತರಗತಿ ಇರುವುದು ಬೆಳಿಗ್ಗೆಯೇ, ಅದಕ್ಕೆ ಹೋದರೆ ಓಟ ತಪ್ಪುತ್ತದೆ. ಸಂಜೆ ಓಡೋಣವೆಂದರೆ ಈ ಬಿಸಿಲಿನಲ್ಲಿ ಆರು ಗಂಟೆಯವರೆಗೂ ಮೈದಾನಕ್ಕೆ ಕಾಲಿಡುವಂತಿಲ್ಲ, ಆರರ ನಂತರ ಅಲ್ಲಿ ಕ್ರಿಕೆಟ್ ಆಡುವ ಹುಡುಗರು, ಅವರನ್ನು ಕೇಳಿ ನೋಡಬೇಕು, ಇಲ್ಲವಾದರೆ…