ಒಂದು ಸಹಿ ಕಮ್ಮಿ

23 ಆಗಸ್ಟ್ 2025, ಶನಿವಾರ

ರಾತ್ರಿ ಒಂಬತ್ತೂವರೆಗೆ ತಂಗಿಯ ಫೋನ್. ಎತ್ತಿದ ಕೂಡಲೇ "ಅಕ್ಕ, ಥೀಸಿಸ್ ವಾಪಸ್ ಬಂತು" ಅಂದಳು. ಬರೆದದ್ದರಲ್ಲಿ ತಪ್ಪಿಲ್ಲವಂತೆ. ಯಾವುದೋ ಸರ್ಟಿಫಿಕೇಟಿನಲ್ಲಿ ಒಂದು ಸಹಿ ಕಮ್ಮಿ. ಹಾಕಬೇಕಾದವರು ರಿಟೈರ್ ಆಗಿ ಎರಡು ವರ್ಷವಾಯಿತು.

ಸಮಾಧಾನ ಹೇಳೋದು ನನಗೆ ಬರಲ್ಲ. ಇವತ್ತು ಹವಾಮಾನ ವಿಜ್ಞಾನಿ ಅನ್ನಾ ಮಣಿ ಹುಟ್ಟಿದ ದಿನ, ಬೆಳಿಗ್ಗೆಯಿಂದ ಅವರೇ ತಲೆಯಲ್ಲಿದ್ದರು. ಅವರ ಕಥೆಯನ್ನೇ ಶುರು ಮಾಡಿಬಿಟ್ಟೆ.

1940ರಲ್ಲಿ ಬೆಂಗಳೂರಿಗೆ ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಸಿ.ವಿ. ರಾಮನ್ ಲ್ಯಾಬ್ ಸೇರಿದವರು. ಅವರ ಮುಂದೆ ಮೂವತ್ತಕ್ಕೂ ಜಾಸ್ತಿ ವಜ್ರಗಳು. ಅವುಗಳ ಮೇಲೆ ಬೆಳಕು ಬಿಟ್ಟು, ಹೊರಬರುವ ಹೊಳಪನ್ನು ಫೋಟೋ ಪ್ಲೇಟಿನಲ್ಲಿ ಹಿಡಿಯಬೇಕು. ಅದೆಷ್ಟು ಮಂದ ಅಂದರೆ, ಒಂದು ಪ್ಲೇಟಿಗೆ 15-20 ಗಂಟೆ. ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರಂತೆ. ವಜ್ರ, ಮಾಣಿಕ್ಯದ ಮೇಲೆ ಒಬ್ಬರೇ ಬರೆದ ಪೇಪರ್ ಐದು. 1945ರಲ್ಲಿ ಥೀಸಿಸ್ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋಯಿತು, ಆಗ ಪದವಿ ಕೊಡುತ್ತಿದ್ದುದು ಅಲ್ಲಿಂದಲೇ. ಎಂ.ಎಸ್ಸಿ. ಆಗಿಲ್ಲ, ಪಿಎಚ್.ಡಿ. ಇಲ್ಲ ಅಂದರು. ಬಿ.ಎಸ್ಸಿ. ಆನರ್ಸ್ ಆಗಿತ್ತು, ಸ್ಕಾಲರ್‌ಶಿಪ್ ಪಡೆದೇ ಬಂದಿದ್ದರು. ಯಾವುದೂ ಲೆಕ್ಕಕ್ಕೆ ಬರಲಿಲ್ಲ.

"ಆಮೇಲೆ ಕೊಟ್ರಾ?"

"ಇಲ್ಲ."

ಆ ಕಡೆ ಸದ್ದೇ ಇಲ್ಲ. "ಅಕ್ಕ, ಇದು ಸಮಾಧಾನಾನಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಾತು ತಿರುಗಿಸೋಣ ಅಂತ, ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ ಎನ್‌ಸೈಕ್ಲೋಪೀಡಿಯಾ ಕೇಳಿದ್ದರಂತೆ ಎಂದೆ. "ಬೇಡ ಅಂದ್ರೂ ವಜ್ರ ಬಿಡ್ಲಿಲ್ಲ ನೋಡು" ಅಂದಳು. ಅವಳ ಗಂಟಲು ಇನ್ನೂ ಕಟ್ಟಿತ್ತು.

ಫೋನ್ ಇಟ್ಟ ಮೇಲೆ ಹೇಳದೆ ಉಳಿದದ್ದೇ ಕಾಡುತ್ತಿದೆ. ಪಿಎಚ್.ಡಿ. ಇಲ್ಲದ್ದರಿಂದ ತನಗೇನೂ ಆಗಲಿಲ್ಲ ಅಂತ ಅನ್ನಾ ಮಣಿ ಆಮೇಲೆ ಹೇಳುತ್ತಿದ್ದರಂತೆ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಸುಮಾರು ನೂರು ಹವಾಮಾನ ಉಪಕರಣಗಳ ವಿನ್ಯಾಸದ ನಕ್ಷೆಗಳನ್ನು ಒಂದೇ ಮಾನದಂಡಕ್ಕೆ ತಂದು, ಇಲ್ಲೇ ತಯಾರಿಸಲು ದಾರಿ ಮಾಡಿದರು. ನಿಜಕ್ಕೂ ಬೇಜಾರಾಗಲೇ ಇಲ್ವಾ? ನನಗಂತೂ ನಂಬೋಕೆ ಕಷ್ಟ. ನಾನಾಗಿದ್ದರೆ ಸಾಯೋತನಕ ಬೈಯುತ್ತಿದ್ದೆ.

ಆ ಥೀಸಿಸ್ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಬೇರೆಲ್ಲ ಥೀಸಿಸ್‌ಗಳ ಹಾಗೇ ಬೈಂಡ್ ಆಗಿ ಕೂತಿದೆಯಂತೆ. ಮೇಖ್ರಿ ಸರ್ಕಲ್ ದಾಟುವಾಗ ಎಷ್ಟು ಸಲ ಆ ಕಡೆ ನೋಡಿದ್ದೇನೋ, ಗೊತ್ತೇ ಇರಲಿಲ್ಲ.

ಸೋಮವಾರ ಆ ರಿಟೈರ್ ಆದ ಮೇಷ್ಟ್ರ ನಂಬರ್ ಹುಡುಕಬೇಕು. ಮೈಸೂರಿಗೆ ಹೋದರು ಅಂತ ಯಾರೋ ಅಂದಿದ್ದರಂತೆ, ಇಲ್ಲಾ ಮಗನ ಮನೆಗೆ…