ಬಂಗಲೆ ಹೋಯಿತು, ತರಕಾರಿ ತೋಟ ಉಳಿಯಿತು

ಊರಿಂದ ಬಂದಿದ್ದ ಅಮ್ಮನನ್ನು ಕ್ಲಂಬರ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿದೆ, ಸುಮಾರು 3,800 ಎಕರೆ. ಒಂದು ಕಾಲಕ್ಕೆ ನ್ಯೂಕಾಸಲ್ ಡ್ಯೂಕ್‌ಗಳ ಆಸ್ತಿ. ಅಲ್ಲಿನ ಲಿಂಡೆನ್ ಸಾಲುಮರಗಳೇ ಎರಡು ಮೈಲಿ ಉದ್ದ, ರಸ್ತೆಯ ಒಂದೊಂದು ಕಡೆಗೂ ಎರಡೆರಡು ಸಾಲು. ಇಷ್ಟೆಲ್ಲ ದಾಟಿ ಬಂದ ಮೇಲೆ ಎದುರಿಗೆ ಅರಮನೆ ಇರಬೇಕು ಅಲ್ವಾ? ಇಲ್ಲ. ಬರೀ ಹುಲ್ಲು.

"ಮನೆ ಎಲ್ಲೋ?" ಅಂದಳು ಅಮ್ಮ.

ಮನೆಯನ್ನು 1938ರಲ್ಲೇ ಕೆಡವಿದ್ದಾರೆ. 1879ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟಾಗ ಮತ್ತೆ ಕಟ್ಟಿಸಿದ್ದರು, ಆದರೆ ಆಮೇಲೆ ತೆರಿಗೆ, ಖರ್ಚು ಎರಡೂ ಏರಿ ಅಷ್ಟು ದೊಡ್ಡ ಮನೆ ಸಾಕುವುದು ಆಗಲಿಲ್ಲ. ಉಳಿದಿರುವುದು ಡ್ಯೂಕ್ ಕೂತು ಓದುತ್ತಿದ್ದ ಕೋಣೆಯೊಂದೇ, ಅದೂ ಕೆಫೆ ಆಗಿದೆ. 1946ರಲ್ಲಿ ಜಾಗ ನ್ಯಾಷನಲ್ ಟ್ರಸ್ಟ್ ಅನ್ನುವ, ಹಳೆಯ ಬಂಗಲೆ, ತೋಟ ಕಾಪಾಡುವ ಸಂಸ್ಥೆಯ ಕೈಗೆ ಬಂತು. ಪಕ್ಕದ ಚರ್ಚ್ 1889ರದ್ದು, ಕೆಂಪು ಬಿಳಿ ಕಲ್ಲಿನದು, ಶಿಖರ 180 ಅಡಿ. ಮನೆಯ ಚಾಪೆಲ್, ಅಂದರೆ ಮನೆಯವರ ಪ್ರಾರ್ಥನೆಗೆ ಕಟ್ಟಿಸಿದ್ದು ಅನ್ನುತ್ತಾರೆ, ನೋಡಿದರೆ ಊರಿಗೇ ಸಾಕಾಗುವಷ್ಟಿದೆ.

ಅಮ್ಮನಿಗೆ ಇದ್ಯಾವುದೂ ಅಷ್ಟಾಗಿ ಹಿಡಿಸಲಿಲ್ಲ. ಅವಳು ಮರುಳಾಗಿದ್ದು ಗೋಡೆ ಕಟ್ಟಿದ ತರಕಾರಿ ತೋಟಕ್ಕೆ. ನಾಲ್ಕು ಎಕರೆ, ಸುತ್ತ ಎತ್ತರದ ಇಟ್ಟಿಗೆ ಗೋಡೆ, ಗೋಡೆಗೆ ಅಂಟಿಸಿದ ಹಾಗೆ ಬೆಳೆಸಿದ ಹಣ್ಣಿನ ಗಿಡಗಳು, ಒಂದು ಬದಿಗೆ 450 ಅಡಿ ಉದ್ದದ ಗಾಜಿನ ಮನೆ. ಊಟದ ಹಾಲ್ ಮಣ್ಣು ಪಾಲಾಗಿದೆ, ಊಟಕ್ಕೆ ಬೆಳೆಯುತ್ತಿದ್ದ ಜಾಗದಲ್ಲಿ ಈಗಲೂ ಪಾತಿ ಮಾಡುತ್ತಾರೆ. ನನಗಂತೂ ಇದು ಸರಿಯಾಗೇ ಆಯಿತು ಅನ್ನಿಸಿತು. ಡ್ಯೂಕ್‌ಗಳು ಯಾರೂ ಇಲ್ಲಿ ಕಳೆ ಕಿತ್ತಿರಲಿಕ್ಕಿಲ್ಲ, ಬಿಡಿ.

ಅಲ್ಲೇ ರೂಬಾರ್ಬ್ ಪಾತಿಗಳೂ ಇದ್ದವು. 130ಕ್ಕೂ ಹೆಚ್ಚು ತಳಿ ಇಟ್ಟುಕೊಂಡಿದ್ದಾರೆ, ನೋಡಲಿಕ್ಕೆ ಎಲ್ಲ ಒಂದೇ. ಕೆಸುವಿನಷ್ಟೇ ಅಗಲದ ಎಲೆ, ಕೆಳಗೆ ಕೆಂಪಗಿನ ದಂಟು. ಅಮ್ಮ ಬಗ್ಗಿ ಎಲೆ ಎತ್ತಿ ನೋಡಿ, "ಇದರದ್ದು ಪತ್ರೊಡೆ ಆಗುತ್ತೇನೋ?" ಅಂದಳು. ಎಲೆ ವಿಷ, ದಂಟು ಮಾತ್ರ ತಿನ್ನುತ್ತಾರೆ, ಸಿಕ್ಕಾಪಟ್ಟೆ ಹುಳಿ, ಸಕ್ಕರೆ ಹಾಕಿ ಬೇಯಿಸುತ್ತಾರೆ ಅಂದೆ. "ಹುಳಿನಾ? ಹಾಗಾದ್ರೆ ಗೊಜ್ಜು ಮಾಡಬಹುದು!"

ಮನೆಗೆ ಬರುವಾಗ ಅಂಗಡಿಯಲ್ಲಿ ಒಂದು ಕಟ್ಟು ತಗೊಂಡೆವು. ಹುಣಸೆಹಣ್ಣು ಬೇಕಾಗಲೇ ಇಲ್ಲ. ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಸಾಕು. ದಂಟು ಬೇಗ ಕರಗಿಬಿಡುತ್ತೆ, ಒಲೆ ಬಿಟ್ಟು ಹೋಗಬೇಡಿ. ಬೆಲ್ಲ ಮಾತ್ರ ಧಾರಾಳವಾಗಿ ಹಾಕಿ.